ಬಾಗಿಲ ಗುಂಡಿನ ತೂಕ

ನಮ್ಮ ಬೀದಿಗೆ ಬಂದು ಗುಂಡಕ್ಕನ ಮನೆ ಕೇಳುವ ಹೊಸಬರು ದಪ್ಪಗಿನ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಬಾಗಿಲು ತೆರೆಯುವವಳು ಗಾಳಿ ಜೋರಾದರೆ ಕಂಬ ಹಿಡಿದುಕೊಳ್ಳಬೇಕಾದಷ್ಟು ತೆಳ್ಳಗಿನವಳು. ಹೆಸರು ಮೈಯಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಕೋಟೆಯ ಪಕ್ಕದ ಹಳೆಯ ಮದ್ದಿನ ಮನೆಯನ್ನು ಈಗ ಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿಗೆ ಬರುವ ಹಳೆಯ ಫಿರಂಗಿ ಗುಂಡುಗಳನ್ನು ನೋಡಿ, ಯಾವುದು ಏನು ಎಂದು ಗುರುತಿಸಿ ಬೇರೆ ಮಾಡುವುದು ಅವಳ ಕೆಲಸ.

ಬಾವಿ ತೋಡುವಾಗ ಸಿಕ್ಕಿದ್ದು, ಹೊಳೆಯ ಮರಳಿನಲ್ಲಿ ಸಿಕ್ಕಿದ್ದು, ಗುಜರಿಯವನು ಕರಗಿಸಲು ಕಳಿಸುವ ಮುಂಚೆ ಯಾವುದಕ್ಕೂ ಒಮ್ಮೆ ಕೇಳೋಣವೆಂದು ತಂದದ್ದು, ಎಲ್ಲವೂ ಗೋಣಿಚೀಲದಲ್ಲಿ ಅವಳ ಮೇಜಿಗೆ ಬರುತ್ತವೆ. ತಂದವರಿಗೆಲ್ಲ ತಮ್ಮದು ಕೋಟೆ ಒಡೆದ ಗುಂಡೇ. ಆದರೆ ಅರ್ಧಕ್ಕರ್ಧ ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಅರೆಯುವ ಉಕ್ಕಿನ ಉಂಡೆಗಳು, ಇಲ್ಲವೆ ಗೇಟಿನ ಕಂಬದ ಮೇಲಿನ ಅಲಂಕಾರ. ಒಬ್ಬ ಹಿರಿಯರು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ತಂದದ್ದು ಹಳೆಯ ಮಂಚದ ಕಾಲಿನ ಗುಬುಟು.

"ಇದು ಕೋಟೆ ಮೇಲಿಂದ ಬಿದ್ದಿದ್ದಲ್ಲ ಸ್ವಾಮಿ, ಮಂಚದ ಮೇಲಿಂದ ಬಿದ್ದಿದ್ದು" ಎಂದು ಗುಂಡಕ್ಕ ಮೆಲ್ಲಗೆ ಹೇಳಿದಳಂತೆ. ಹೇಳಿ, ಅದನ್ನು ಬಂದ ಹಾಗೆಯೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಎರಡು ಕೈಯಲ್ಲಿ ಹಿಡಿದು ಹಿಂದಿರುಗಿಸಿದಳಂತೆ. ಯಾರ ನಂಬಿಕೆಯನ್ನೂ ಅವಳು ಒಂದು ಕೈಯಲ್ಲಿ ಕೊಟ್ಟವಳಲ್ಲ.

ಮೊದಲು ಅವಳಿದ್ದದ್ದು ಎರಕದ ಕಾರ್ಖಾನೆಯಲ್ಲಿ. ಗಂಡ ತೀರಿಕೊಂಡ ವರ್ಷ ತವರಿನವರು ಕರೆಯಲು ಬಂದರು. ಅತ್ತೆ ಅಡ್ಡಿ ಮಾಡಲಿಲ್ಲ. "ಹೋಗೋದಾದ್ರೆ ಹೋಗು ಮಗಳೇ. ಆದ್ರೆ ಊಟದ ಹೊತ್ತಿಗೆ ಬಂದ್ಬಿಡು" ಎಂದರು. ಅವಳು ಹೋಗಲೇ ಇಲ್ಲ. ಅತ್ತೆ, ಭಾವ, ಅವಳು, ಮೂರು ಜನರ ಮನೆ ಅದು. ಭಾವ ಬಸ್ಸಿನ ಡ್ರೈವರಾಗಿದ್ದವರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಬಸ್ಸನ್ನೇ ಕಟ್ಕೊಂಡಿದ್ದೆ, ಅವಳಿಗೆ ಸವತಿ ತರೋ ಧೈರ್ಯ ಬರ್ಲಿಲ್ಲ" ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಅವಳ ಕೆಲಸ ಸಿಮೆಂಟ್ ಅರೆಯುವ ಗಿರಣಿಗಳಿಗೆಂದು ತಯಾರಾದ ಉಂಡೆಗಳ ತಪಾಸಣೆ. ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಂಡೆ 'ಠಣ್' ಎನ್ನುತ್ತದೆ. ಒಳಗೆ ಗಾಳಿಗುಳ್ಳೆ ನಿಂತಿದ್ದರೆ 'ಡಬ್' ಎನ್ನುತ್ತದೆ. ವರ್ಷಗಟ್ಟಲೆ ತಟ್ಟಿ ತಟ್ಟಿ ಅವಳ ಮಣಿಕಟ್ಟಿಗೇ ಕಿವಿ ಬಂದಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಸಂಗ್ರಹಾಲಯದ ಮುಖ್ಯಸ್ಥರು ಅವಳನ್ನು ಕರೆಸಿಕೊಂಡರು. ಗಿರಣಿಯ ಉಂಡೆ ಯಾವುದು, ಫಿರಂಗಿಯದು ಯಾವುದು ಎಂದು ಬೇರೆ ಮಾಡಲು ಆ ಕಣ್ಣು ಅವರಿಗೆ ಬೇಕಿತ್ತು.

ಮೊದಲ ದಿನ ಅವಳು ಮೇಜಿನ ಮೇಲಿದ್ದ ತುಕ್ಕುಹಿಡಿದ ಗುಂಡಿಗೆ ಅಭ್ಯಾಸಬಲದಿಂದ ಸುತ್ತಿಗೆ ಎತ್ತಿದಳು. ಮುಖ್ಯಸ್ಥರ ಮುಖ ಸುಣ್ಣದ ಗೋಡೆಯಂತಾಯಿತು.

"ಅಕ್ಕಾ, ಸುತ್ತಿಗೆ ಕೆಳಗಿಡಿ. ಮೆಲ್ಲಗೆ. ಹಾ, ಹಾಗೇ."

ಆಮೇಲೆ ಅವರು ಬೆವರು ಒರೆಸಿಕೊಂಡು ಹೇಳಿಕೊಟ್ಟರು. ಗುಂಡುಗಳಲ್ಲಿ ಎರಡು ಜಾತಿ. ಒಂದು ಗಟ್ಟಿ ಗುಂಡು. ಗೋಡೆಗೆ ಹೊಡೆಯುತ್ತದೆ, ಬೀಳುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು. ಇನ್ನೊಂದು ಪೊಳ್ಳು ಗುಂಡು. ಒಳಗೆ ಕರಿಮದ್ದು ತುಂಬಿ, ಒಂದು ತೂತಿನಲ್ಲಿ ಬತ್ತಿ ಇಟ್ಟು ಹಾರಿಸುತ್ತಿದ್ದರು. ಬತ್ತಿ ಆರಿಹೋಗಿ ಸಿಡಿಯದೆ ಬಿದ್ದದ್ದು ಇಂದಿಗೂ ಸಿಡಿಯಲು ಕಾಯುತ್ತಿರುತ್ತದೆ. ಅದಕ್ಕೇ ಇಲ್ಲಿ ಸುತ್ತಿಗೆಗೆ ಜಾಗವಿಲ್ಲ. ಅಳತೆ ತೆಗೆ, ತೂಕ ಹಾಕು. ಅಷ್ಟೇ ದಪ್ಪದ ಗಟ್ಟಿ ಗುಂಡು ಎಷ್ಟು ತೂಗಬೇಕೋ ಅದಕ್ಕಿಂತ ಇದು ಹಗುರವಿದ್ದರೆ ಕೈ ತೆಗೆ, ಸಿಡಿಮದ್ದಿನ ದಳಕ್ಕೆ ಫೋನ್ ಮಾಡು. ಅದರ ಮಾಲೀಕರು ಯಾರೇ ಆಗಿರಲಿ.

ಗುಂಡಕ್ಕ ಅಂದಿನಿಂದ ಸುತ್ತಿಗೆ ಮುಟ್ಟಲಿಲ್ಲ. ಆ ಮಾತನ್ನು ಮಾತ್ರ ಸೆರಗಿನ ಗಂಟಿನಂತೆ ಇಟ್ಟುಕೊಂಡಳು. "ದೇವರು ಕೊಟ್ಟ ಕೈಯಿ, ಎರಡೇ ಇರೋದು" ಎನ್ನುತ್ತಿದ್ದಳು.

ಇಷ್ಟಾದರೂ ಒಂದು ಗುಂಡನ್ನು ಅವಳು ಅಳೆದಿರಲಿಲ್ಲ, ತೂಗಿರಲಿಲ್ಲ. ಅದು ಅವರ ಮನೆಯ ಮುಂಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಗುಂಡು.

ಅತ್ತೆಯವರು ಮದುವೆಯಾಗಿ ಬರುವ ಮುಂಚಿನಿಂದಲೂ ಅದು ಅಲ್ಲೇ ಇತ್ತು. ಅವರ ಮಾವನವರ ಅಜ್ಜನ ಕಾಲದಲ್ಲಿ ಕೋಟೆಯ ಗೋಡೆ ದಾಟಿ ಬಂದು ಹಿತ್ತಲಿನಲ್ಲಿ ಹೂತುಕೊಂಡದ್ದಂತೆ. ಬಾಗಿಲಿಗೆ ಬಣ್ಣ ಹೊಡೆದಾಗಲೆಲ್ಲ ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಅತ್ತೆಯವರು ಗುಂಡಿಗೆ ಬಳಿಯುತ್ತಿದ್ದರು. ಚೆಲ್ಲುವುದು ಅವರ ಜಾತಕದಲ್ಲೇ ಇಲ್ಲ. ಭಾವ ಚಿಕ್ಕವರಿದ್ದಾಗ ಅದರ ಮೇಲೆ ಇಟ್ಟು ಬಾದಾಮಿ ಒಡೆದು ತಿಂದವರು. ಗುಂಡಕ್ಕ ಗುಡಿಸುವಾಗ ಅದನ್ನು ಕಾಲಲ್ಲಿ ಅತ್ತಿತ್ತ ಸರಿಸುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಈಚೆಗೆ ಸಂಗ್ರಹಾಲಯದವರು ಊರಿನ ಮನೆಗಳಿಂದ ಬಂದ ಗುಂಡುಗಳಿಗೆಂದೇ ಹೊಸ ಕೋಣೆ ಮಾಡಿದರು. ಗಾಜಿನ ಪೆಟ್ಟಿಗೆ, ಒಳಗೆ ದೀಪ, ಪ್ರತಿ ಗುಂಡಿನ ಮುಂದೆ ಕೊಟ್ಟ ಮನೆಯವರ ಹೆಸರು. ಭಾವನಿಗೆ ಇದು ತಲೆಗೇರಿತು. ಬಾಗಿಲ ಗುಂಡನ್ನು ಅಲ್ಲಿಗೆ ಕೊಡುತ್ತೇವೆಂದು ಬಸ್ ನಿಲ್ದಾಣದ ಹಳೆಯ ಗೆಳೆಯರಿಗೆಲ್ಲ ಹೇಳಿಯಾಯಿತು. ಅತ್ತೆಯವರು ಕೋಣೆ ತೆರೆಯುವ ದಿನ ಉಡುವ ಸೀರೆ ತೆಗೆದಿಟ್ಟಾಯಿತು. "ನಮ್ಮ ಮನೆ ಹೆಸರು ಗಾಜಿನೊಳಗೆ ಬರುತ್ತೆ ಕಣೇ. ಅದನ್ನ ನೋಡೋ ತನಕ ನಾನು ಎಲ್ಲಿಗೂ ಹೋಗಲ್ಲ" ಎಂದು ಅವರು ನನ್ನ ಹತ್ತಿರ ನಕ್ಕು ಹೇಳಿದ್ದರು. ಆ ವಯಸ್ಸಿನಲ್ಲಿ 'ಹೋಗುವುದು' ಎಂದರೇನೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಗುಂಡಕ್ಕ ಕೆಲಸಕ್ಕೆ ಹೊರಟು ಬಾಗಿಲಿಗೆ ಬಂದರೆ ಭಾವನ ಜೊತೆ ಒಬ್ಬ ಪೇಂಟರ್ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವನ ಕೈಯಲ್ಲಿ ಬ್ಲೋ ಲ್ಯಾಂಪ್, ಅದರ ಬಾಯಲ್ಲಿ ನೀಲಿ ಬೆಂಕಿ. ನಡುವೆ ಗುಂಡು.

"ಏನು ಮಾಡ್ತಿದ್ದೀರಿ ಭಾವ?"

"ಸ್ನಾನ ಮಾಡಿಸ್ತಿದ್ದೀವಮ್ಮ. ನಾಲ್ಕು ಜನರ ಮುಂದೆ ನಿಲ್ಲೋ ಗುಂಡು, ಮೈ ತುಂಬ ಬಾಗಿಲಿನ ಬಣ್ಣ ಮೆತ್ಕೊಂಡು ಹೋಗೋಕಾಗುತ್ತಾ? ಬೆಂಕಿ ತೋರಿಸಿದ್ರೆ ಎಲ್ಲ ಸಿಪ್ಪೆ ಸುಲಿದ ಹಾಗೆ ಬರುತ್ತಂತೆ."

"ಲ್ಯಾಂಪ್ ಆರಿಸಿ. ಇದನ್ನ ತೂಕ ಹಾಕಿಲ್ಲ."

"ತೂಕ ಹಾಕೋಕೆ ಇದೇನು ಈರುಳ್ಳಿನಾ ಅಕ್ಕ?" ಎಂದ ಪೇಂಟರ್.

"ಆರಿಸಿ ಅಂದೆ."

ಅವಳು ದನಿ ಎತ್ತಿದವಳಲ್ಲ. ಅಂದೂ ಎತ್ತಲಿಲ್ಲ. ಆದರೂ ಪೇಂಟರನ ಕೈ ತಾನಾಗಿ ತಿರುಪಿನ ಮೇಲೆ ಹೋಯಿತು. ಅವಳು ಚೀಲದಿಂದ ಅಳತೆಯ ಕ್ಯಾಲಿಪರ್ ತೆಗೆದಳು, ಒಳಗಿನಿಂದ ತೂಕದ ಯಂತ್ರ ತಂದಳು, ಗುಂಡನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಅದರ ಮೇಲಿಟ್ಟಳು. ಅಷ್ಟು ದಪ್ಪದ ಗಟ್ಟಿ ಗುಂಡು ಹತ್ತು ಕಿಲೋ ದಾಟಬೇಕು. ಮುಳ್ಳು ಎಂಟಕ್ಕೂ ಬರಲಿಲ್ಲ. ಎತ್ತಿದ್ದಷ್ಟೇ ಮೆಲ್ಲಗೆ ಅದನ್ನು ಇದ್ದ ಜಾಗದಲ್ಲೇ ಇಟ್ಟಳು.

"ಇದು ಪೊಳ್ಳು. ಇನ್ನು ಇದನ್ನ ಯಾರೂ ಮುಟ್ಟಬೇಡಿ."

"ಪೊಳ್ಳು ಅಂದ್ರೆ?" ಎಂದ ಪೇಂಟರ್.

"ಒಳಗೆ ಮದ್ದಿರಬಹುದು."

ಪೇಂಟರ್ ತನ್ನ ಕೈಯ ಲ್ಯಾಂಪನ್ನು ಒಮ್ಮೆ, ಗುಂಡನ್ನು ಒಮ್ಮೆ ನೋಡಿದ. ಆಮೇಲೆ ಬೀದಿಯಲ್ಲಿ ಅವನ ಬೆನ್ನು ಕಂಡಿತು. ಚಪ್ಪಲಿ ಎಷ್ಟೋ ದಿನ ಅಲ್ಲೇ ಉಳಿದಿತ್ತು.

ಗುಂಡಕ್ಕ ಮುಖ್ಯಸ್ಥರಿಗೆ ಫೋನ್ ಮಾಡಿದಳು. ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ. "ಎಲ್ಲರೂ ಮನೆಯಿಂದ ಹೊರಗೆ ಬನ್ನಿ ಅಕ್ಕ, ದಳದವರಿಗೆ ನಾನು ಹೇಳ್ತೀನಿ" ಎಂದರು. ಅತ್ತೆಯವರು ಒಪ್ಪಲಿಲ್ಲ.

"ನಿನ್ನ ಮಾವ ಸತ್ತಾಗ್ಲೂ ಈ ಮನೆ ಬಿಟ್ಟು ಹೋದವಳಲ್ಲ ನಾನು. ಈಗ ಒಂದು ಗುಂಡಿಗೆ ಹೆದರಿ ಹೋಗ್ತೀನಾ?"

"ಹೋಗ್ತೀರಿ ಅತ್ತೆ. ನಡೆದು ಬರ್ತೀರೋ, ನಾನು ಎತ್ಕೊಂಡು ಹೋಗ್ಲೋ?"

"ನೀನಾ? ಮೊದಲು ನನ್ನ ಒಂದು ಕಾಲು ಎತ್ತು ನೋಡೋಣ!"

ಅನ್ನುತ್ತಲೇ ಅತ್ತೆಯವರಿಗೆ ನಗು ಬಂತು. ನಗು ಬಂದ ಮೇಲೆ ಹಟ ನಿಲ್ಲುವುದಿಲ್ಲ. ಹಿಂಬಾಗಿಲಿನಿಂದ ಸುತ್ತಿ, ಬೀದಿಯ ತಿರುವಿನಲ್ಲಿರುವ ನಮ್ಮ ಮನೆಯ ಜಗಲಿಗೆ ನಡೆದೇ ಬಂದರು. ಗುಂಡಕ್ಕ ಅಕ್ಕಪಕ್ಕದ ಮನೆಯವರನ್ನೂ ಎಬ್ಬಿಸಿ ಹೊರಗೆ ಕಳಿಸಿ, ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿಸಿದಳು.

ಭಾವನ ಸಿಟ್ಟು ಮಾತ್ರ ಏರುತ್ತಲೇ ಇತ್ತು.

"ಊರವರ ಗುಂಡೆಲ್ಲ ಗಾಜಿನೊಳಗೆ, ನಮ್ಮನೇದು ಮಾತ್ರ ಪೊಲೀಸ್ ವ್ಯಾನಿಗಾ? ಆ ದಳದವರು ಏನು ಮಾಡ್ತಾರೆ ಗೊತ್ತಾ ನಿಂಗೆ? ತಗೊಂಡು ಹೋಗಿ ಕಲ್ಲುಕ್ವಾರಿಯಲ್ಲಿ ಉಡಾಯಿಸ್ತಾರೆ! ವಾಪಸ್ ಕೊಡ್ತಾರೆ ಅಂದ್ಕೊಂಡ್ಯಾ?"

"ಗೊತ್ತು ಭಾವ. ಕೊಡಲ್ಲ."

"ನೋಡು, ನಾನು ಓದಿಲ್ಲದೇ ಇರಬಹುದು, ಲೆಕ್ಕ ಬರುತ್ತೆ. ನೀನು ಅಳೆದಿದ್ದು ಬಣ್ಣದ ಮೇಲೆ. ಅಮ್ಮ ಮದುವೆಯಾಗಿ ಬಂದಾಗಿನಿಂದ ಬಳಿದಿರೋ ಬಣ್ಣ ಅದು. ಬಣ್ಣದ ದಪ್ಪ ಸೇರಿಸಿ ಅಳೆದ್ರೆ ಗುಂಡು ದೊಡ್ಡದು ಅನ್ಸುತ್ತೆ. ದೊಡ್ಡದು ಅಂದ್ಕೊಂಡು ತೂಗಿದ್ರೆ ಹಗುರ ಅನ್ನಿಸ್ದೆ ಇನ್ನೇನಾಗುತ್ತೆ?"

ಜಗಲಿಯಲ್ಲಿ ಎಲ್ಲರೂ ಗುಂಡಕ್ಕನ ಮುಖ ನೋಡಿದೆವು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ.

"ಸರಿಯಾದ ಮಾತೇ ಹೇಳಿದ್ರಿ ಭಾವ. ಬಣ್ಣ ಕಳೆದು ಲೆಕ್ಕ ಹಾಕಬೇಕು. ಆದ್ರೆ ಎಷ್ಟು ಕಳೀಬೇಕು ಅಂತ ನೋಡೋಕೆ ಅದನ್ನ ಕೆರೆಯೋ ಹಾಗಿಲ್ಲ."

"ಕೆರೆಯೋದು ಯಾಕೆ? ಅಮ್ಮನೇ ಇದ್ದಾಳಲ್ಲ. ಅಮ್ಮಾ, ಹೇಳು. ಯಾವ ಯಾವ ಬಣ್ಣ ಬಳಿದಿದ್ದೀಯ, ಒಂದೂ ಬಿಡದ ಹಾಗೆ ಹೇಳು. ಎಷ್ಟು ದಪ್ಪ ಆಗಿದೆ ಅಂತ ಇವಳಿಗೂ ತಿಳೀಲಿ."

ಅತ್ತೆಯವರು ಕಾಲು ನೀಡಿ ಕುಳಿತರು. ಕೇಳುವವರಿದ್ದರೆ ಅವರಿಗೆ ನೆನಪು ಬಾವಿಯ ನೀರಿನಂತೆ ಊರುತ್ತಿತ್ತು. ಮೇಲಿನಿಂದ ಕೆಳಗೆ ಒಂದೊಂದೇ ಪದರ ಬಿಚ್ಚತೊಡಗಿದರು. ಈಗ ಮೇಲೆ ಇರುವುದು ಕಂದು. ಭಾವ ಕೆಲಸದಿಂದ ನಿವೃತ್ತರಾದಾಗ ಹೊಡೆಸಿದ ಬಾಗಿಲಿನದು. ಅದರ ಕೆಳಗೆ ಬೂದು. ಅದು ಬಾಗಿಲಿನದಲ್ಲ, ಬಸ್ ಡಿಪೋದಿಂದ ಯಾರೋ ಕೊಟ್ಟದ್ದು.

"ಯಾರೋ ಅಲ್ಲ ಅತ್ತೆ, ಭಾವನೇ ತಂದಿದ್ದು" ಎಂದಳು ಗುಂಡಕ್ಕ.

"ಈಗ ಅದೆಲ್ಲ ಯಾಕೆ?" ಎಂದರು ಭಾವ.

ಬೂದು ಬಣ್ಣದ ಕೆಳಗೆ ನೀಲಿ. ನೀಲಿ ಎಂದಾಗ ಅತ್ತೆಯವರ ಮಾತು ತಡವರಿಸಿತು. ಅದು ಚಿಕ್ಕ ಮಗನ ಮದುವೆಗೆ, ಈ ಸೊಸೆ ಮನೆಗೆ ಬಂದಾಗ ಹೊಡೆಸಿದ ಬಾಗಿಲಿನ ಬಣ್ಣ. ಗುಂಡಕ್ಕ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ನೀಲಿಯ ಕೆಳಗೆ ಹಳದಿ, ಅದರ ಕೆಳಗೆ ಎರಡು ಸಲ ಹಸಿರು. ಭಾವ ಒಂದೊಂದಕ್ಕೂ ಬೆರಳು ಮಡಿಸುತ್ತ, "ನೋಡಿದ್ಯಾ? ಇನ್ನೂ ಇದೆ. ಹೇಳಮ್ಮ" ಎನ್ನುತ್ತಿದ್ದರು. ಗುಂಡಕ್ಕ ನಡುವೆ ಬಾಯಿ ಹಾಕಲಿಲ್ಲ, ಅವಸರವನ್ನೂ ಮಾಡಲಿಲ್ಲ.

"ಎಲ್ಲದರ ಕೆಳಗೆ ಕೆಂಪು" ಎಂದರು ಅತ್ತೆ. "ಅದು ನನ್ನ ಮೊದಲನೇ ಬಣ್ಣ. ಅವತ್ತು ಬಣ್ಣ ಹಚ್ಚೋಕೆ ಮುಂಚೆ ಕಿಟಕಿ ಗಾಜಿಗೆ ಮೆತ್ತೋ ಪುಟ್ಟಿ ಇತ್ತಲ್ಲ, ಅದನ್ನ ಒಂದು ಉಂಡೆ ಮಾಡಿ ತುಂಬಿದ್ದೆ. ಇಲ್ದಿದ್ರೆ ಇರುವೆ ಕಾಟ."

"ಎಲ್ಲಿಗೆ ತುಂಬಿದ್ರಿ ಅತ್ತೆ?"

"ತೂತಿಗೆ ಕಣೇ. ಗುಂಡಿನ ನೆತ್ತಿ ಮೇಲೆ ಹೆಬ್ಬೆರಳು ಹೋಗುವಷ್ಟು ತೂತಿತ್ತಲ್ಲ. ಒಳಗೆ ಕೊಳೆತ ಮರದ ಚೂರು ಸಿಕ್ಕಿಹಾಕ್ಕೊಂಡಿತ್ತು. ಅದರ ಪಕ್ಕದಲ್ಲೇ ಇರುವೆ ಗೂಡು. ನಾನೇ ಅದುಮಿ ಅದುಮಿ ಮುಚ್ಚಿ, ಮೇಲೆ ಬಣ್ಣ ಹೊಡೆದೆ. ಆಮೇಲೆ ಒಂದು ಇರುವೆ ಬಂದಿಲ್ಲ ನೋಡು."

ಭಾವ ಮಡಿಸಿದ್ದ ಬೆರಳುಗಳು ಹಾಗೆಯೇ ಉಳಿದವು. ಗಟ್ಟಿ ಗುಂಡಿಗೆ ತೂತು ಇರುವುದಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಆ ಕೊಳೆತ ಮರದ ಚೂರು ಬತ್ತಿ ಇಡುತ್ತಿದ್ದ ಕೊಳವೆ.

"ಏನಾಯ್ತು? ಮುಚ್ಚಬಾರ್ದಿತ್ತಾ?" ಎಂದರು ಅತ್ತೆ, ಗಾಬರಿಯಿಂದ.

"ನೀವು ಇರುವೆಗೆ ಮುಚ್ಚಿದ್ರಿ ಅತ್ತೆ, ತಪ್ಪೇನಿಲ್ಲ" ಎಂದು ಗುಂಡಕ್ಕ ಅವರ ಪಾದದ ಮೇಲೆ ಕೈ ಇಟ್ಟಳು.

ಮಧ್ಯಾಹ್ನ ದಳದವರು ಬಂದರು. ಅಧಿಕಾರಿ ಗಂಭೀರ ಮುಖದ, ಮೆಲುಮಾತಿನ ಮನುಷ್ಯ. ಗುಂಡನ್ನು ನೋಡಿದರು, ಅಳತೆ ತೂಕ ಕೇಳಿದರು, ಪುಟ್ಟಿಯ ಕತೆ ಕೇಳಿದರು. ಮರಳು ತುಂಬಿದ ಪೆಟ್ಟಿಗೆ ತರಿಸಿದರು. ಆದರೆ ಮನೆ ಅತ್ತೆಯವರದು. ಒಯ್ಯುವ ಮುಂಚೆ ಅವರ ಒಪ್ಪಿಗೆ ಕೇಳಿದರು.

"ಮದ್ದು ತೆಗೆದು ಗುಂಡು ವಾಪಸ್ ಕೊಡಿ ಸಾರ್" ಎಂದು ಭಾವ ಕೈ ಮುಗಿದರು.

"ತೆಗೆಯೋಕೆ ಹೋಗಿ ಕೈ ಕಳ್ಕೊಂಡವರನ್ನ ನಾನು ನೋಡಿದ್ದೀನಿ. ಆಗಲ್ಲ ಸ್ವಾಮಿ. ಉಡಾಯಿಸಲೇಬೇಕು."

ಭಾವ ತಮ್ಮನ ಹೆಂಡತಿಯ ಕಡೆ ತಿರುಗಿದರು. "ತೂತಿತ್ತು ಸರಿ. ಒಳಗೆ ಬರೀ ಮಣ್ಣೇ ಇದ್ರೆ? ಇರುವೆ ಗೂಡು ಕಟ್ಟಿದ್ವು ಅಂತ ಅಮ್ಮನೇ ಹೇಳ್ತಿದ್ದಾಳೆ. ಮಣ್ಣು ತುಂಬಿದ ಗುಂಡನ್ನ ನೀನು ಒಡೆಸಿದ್ರೆ, ಆಮೇಲೆ ಈ ಮನೇಲಿ ನನ್ನನ್ನ ಭಾವ ಅಂತ ಕರೀಬೇಡ."

"ಮಣ್ಣೇ ಇದ್ರೆ ಕರೆಯಲ್ಲ" ಎಂದಳು ಗುಂಡಕ್ಕ. "ಆದ್ರೂ ಒಡೆಸ್ತೀನಿ. ಬೇರೆಯವರ ಮನೆ ಗುಂಡಾಗಿದ್ರೆ ಒಂದು ಮಾತೂ ಆಡದೆ ಕಳಿಸ್ತಿದ್ದೆ. ನಮ್ಮನೇದು ಅಂತ ಇಟ್ಕೊಂಡ್ರೆ, ನಾಳೆಯಿಂದ ಯಾರ ಗುಂಡನ್ನ ಯಾವ ಮುಖ ಹೊತ್ತು ಕಳಿಸ್ಲಿ?" ಆಮೇಲೆ ಅತ್ತೆಯ ಎದುರು ಕುಳಿತು ನೇರವಾಗಿ ಹೇಳಿದಳು. "ಅತ್ತೆ, ಕೊಟ್ರೆ ಗುಂಡು ಹೋಗುತ್ತೆ, ಗಾಜಿನೊಳಗೆ ಬರಲ್ಲ. ಸುಳ್ಳು ಸಮಾಧಾನ ಹೇಳಲ್ಲ. ಕೊಡದೇ ಇದ್ರೆ ನಾನೂ ಆ ಬಾಗಿಲು ದಾಟಲ್ಲ, ನಿಮ್ಮನ್ನೂ ದಾಟೋಕೆ ಬಿಡಲ್ಲ."

ಅತ್ತೆಯವರು ತಮ್ಮ ಮನೆಯ ಬಾಗಿಲನ್ನು ದೂರದಿಂದಲೇ ನೋಡಿದರು.

"ತಗೊಂಡು ಹೋಗ್ಲಿ" ಎಂದರು. "ಬಣ್ಣ ನನ್ನದು. ಬೆಂಕಿ ಯಾರದೋ."

ಅತ್ತೆಯವರನ್ನು ನಮ್ಮ ಜಗಲಿಯಲ್ಲೇ ಬಿಟ್ಟು ನಾವೆಲ್ಲ ಕ್ವಾರಿಗೆ ಹೋದೆವು. ಬಹಳ ದೂರದ ದಿಬ್ಬದ ಹಿಂದೆ ನಿಲ್ಲಿಸಿದರು. ಅಧಿಕಾರಿ ಭಾವನಿಗೆ ಮೊದಲೇ ಹೇಳಿದರು: "ನಾವು ಇಡೋ ಮದ್ದಿಗೆ ಕಪ್ಪು ಹೊಗೆ. ಒಳಗೆ ಮಣ್ಣಿದ್ರೆ ಅಷ್ಟೇ ಕಾಣುತ್ತೆ. ಹಳೇ ಕರಿಮದ್ದಿದ್ರೆ ಬಿಳಿ ಹೊಗೆ ಏಳುತ್ತೆ, ಕೊಳೆತ ಮೊಟ್ಟೆ ವಾಸನೆ ಬರುತ್ತೆ. ನೀವೇ ನೋಡಿ."

ಶಬ್ದ ಎದೆಗೆ ಬಡಿಯಿತು. ಮೊದಲು ಒಂದು ಹಿಡಿಯಷ್ಟು ಕಪ್ಪು ಹೊಗೆ ಕಂಡಿತು. ಭಾವ ಗುಂಡಕ್ಕನ ಕಡೆ ನೋಡಿದರು. ಅವಳು ಹೊಗೆಯಿಂದ ಕಣ್ಣು ತೆಗೆಯಲಿಲ್ಲ. ಕಪ್ಪನ್ನು ನುಂಗಿಕೊಂಡು ಬೆಳ್ಳಗೆ, ದಟ್ಟವಾಗಿ, ಹತ್ತಿಯ ಬೆಟ್ಟದಂತೆ ಹೊಗೆ ಮೇಲೆದ್ದಿತು. ಗಾಳಿ ತಿರುಗಿದಾಗ ವಾಸನೆ ನಮ್ಮ ತನಕ ಬಂತು.

"ಅದರ ಮೇಲೆ ಬಾದಾಮಿ ಒಡೀತಿದ್ದೆ" ಎಂದರು ಭಾವ. ಹೇಳಿ, ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕುಳಿತರು. ಗುಂಡಕ್ಕ ತನ್ನ ನೀರಿನ ಬಾಟಲಿ ಕೊಟ್ಟಳು.

"ಕುಡೀರಿ ಭಾವ."

ಅವರು ಕುಡಿದರು. 'ಭಾವ' ಎಂದದ್ದಕ್ಕೆ ಏನೂ ಅನ್ನಲಿಲ್ಲ.

ಅಧಿಕಾರಿ ಹೋಗಬಹುದು ಎಂದ ಮೇಲೆ ಕ್ವಾರಿಗೆ ಮೊದಲು ಇಳಿದವರು ಭಾವನೇ. ಕತ್ತಲಾಗುವ ಮುಂಚೆ ಸಿಗಲೇಬೇಕು ಎನ್ನುವ ಹಟದಿಂದ ಜಲ್ಲಿಯಲ್ಲಿ ಕೈಯಾಡಿಸಿ ಹುಡುಕಿ, ಅಂಗೈ ಅಗಲದ ಒಂದು ಚೂರು ತಂದು ಗುಂಡಕ್ಕನ ಕೈಗಿಟ್ಟರು. ಒಳಮೈ ಸುಟ್ಟು ಕಪ್ಪಾಗಿತ್ತು. ಹೊರಮೈಯ ಒಂದು ಅಂಚಿನಲ್ಲಿ ಬಣ್ಣ ಉಳಿದಿತ್ತು. ಕಂದು, ಬೂದು, ನೀಲಿ, ಹಳದಿ, ಹಸಿರು, ತಳದಲ್ಲಿ ಕೆಂಪು, ಮರದ ಕಾಂಡದ ಬಳೆಗಳಂತೆ ಒಂದರ ಕೆಳಗೊಂದು.

ಅದೇ ಈಗ ಗಾಜಿನೊಳಗಿದೆ. ಗಟ್ಟಿ ಗುಂಡುಗಳ ಸಾಲಿನಲ್ಲಿ ಅದೊಂದೇ ಚೂರು. ಪೊಳ್ಳು ಗುಂಡಿನ ಗೋಡೆ ಎಷ್ಟು ದಪ್ಪ ಎಂದು ತೋರಿಸಲು ಮುಖ್ಯಸ್ಥರು ಅದನ್ನು ಅಡ್ಡಲಾಗಿ ನಿಲ್ಲಿಸಿದ್ದಾರೆ. ಮುಂದೆ ಮನೆಯ ಹೆಸರಿದೆ. ಕೋಣೆ ತೆರೆದ ದಿನ ಆ ದಳದ ಅಧಿಕಾರಿಯೂ ಬಂದಿದ್ದರು. ಅಷ್ಟು ಕಾಲದ ಮದ್ದು ಹೇಗೆ ಒಣಗಿಯೇ ಉಳಿಯಿತು ಎಂದು ಯಾರೋ ಕೇಳಿದಾಗ ಅವರು ಅತ್ತೆಯವರ ಕಡೆ ಕೈ ತೋರಿಸಿದರು.

"ಈ ಅಜ್ಜಿ ಪುಟ್ಟಿ ಹಾಕಿ, ಬಣ್ಣದ ಮೇಲೆ ಬಣ್ಣ ಬಳಿದು, ಒಂದು ಹನಿ ನೀರು ಹೋಗದ ಹಾಗೆ ಕಾಪಾಡಿದ್ದಾರೆ. ನಮ್ಮ ಉಗ್ರಾಣದಲ್ಲೂ ಇಷ್ಟು ಚೆನ್ನಾಗಿ ಇಡಲ್ಲ."

ತೆಗೆದಿಟ್ಟಿದ್ದ ಸೀರೆ ಉಟ್ಟು ನಿಂತಿದ್ದ ಅತ್ತೆಯವರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಬಹುಶಃ ಅದು ಹೊಗಳಿಕೆಯೇ.

ಗುಂಡು ಹೋದ ಮೇಲೆ ಅವರ ಮುಂಬಾಗಿಲು ಗಾಳಿಗೆ ಧಡಾರ್ ಎಂದು ಬಡಿದುಕೊಳ್ಳತೊಡಗಿತು. ಬಡಿದಾಗಲೆಲ್ಲ ಭಾವ ಬೆಚ್ಚಿಬೀಳುತ್ತಿದ್ದರು. ಕೊನೆಗೆ ಗುಂಡಕ್ಕ ಮುಚ್ಚಿದ ಕಾರ್ಖಾನೆಯ ಗುಜರಿಯಿಂದ ಒಂದು ದೊಡ್ಡ ಗಿರಣಿ ಉಂಡೆ ಕೇಳಿ ತಂದಳು. ತಾನೇ ಒಂದು ಕಾಲದಲ್ಲಿ ತಟ್ಟಿ, ಪಾಸು ಮಾಡಿ ಕಳಿಸಿದ್ದ ಜಾತಿಯದು. ಸೊಂಟದ ಮೇಲೆ ಹೊತ್ತು ಬಾಗಿಲಿಗೆ ಬಂದಳು.

ಅತ್ತೆಯವರು ಬಾಗಿಲಿಗೆ ಅಡ್ಡ ನಿಂತಿದ್ದರು. ಒಂದು ಕೈಯಲ್ಲಿ ಬಣ್ಣದ ಕುಂಚ, ಇನ್ನೊಂದು ಕೈಯಲ್ಲಿ ತಳ ಕಂಡ ಡಬ್ಬಿ.

"ನಿಲ್ಲು ಅಲ್ಲೇ" ಎಂದರು. "ಒಳಗೆ ಕಾಲಿಡೋಕೆ ಮುಂಚೆ ತೂಕ ಹಾಕಿ ತೋರ್ಸು."

ಗುಂಡಕ್ಕ ನಗಲಿಲ್ಲ. ಉಂಡೆಯನ್ನು ಮೆಲ್ಲಗೆ ಕೆಳಗಿಟ್ಟು, ತೂಕದ ಯಂತ್ರ ತರಲು ಹಿಂಬಾಗಿಲಿನಿಂದ ಒಳಗೆ ಹೋದಳು.